ಸೇತುವೆಯ ಮೇಲೆ ಏಳು ಗೆರೆ

ನೀಲಾಂಬಿಕಾಳ ಕೈಗೆ ನಡುಕವೆಂಬುದೇ ಗೊತ್ತಿರಲಿಲ್ಲ. ಸುರಪುರದ ಕಡೆಯ ಹಳೆಯ ಚಿತ್ರಗಳಲ್ಲಿ ದೇವರ ಕಿರೀಟದ ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು. ಅಂಥ ಮುತ್ತುಗಳನ್ನು ಅಳಿಲ ಬಾಲದ ನಾಲ್ಕೇ ಕೂದಲಿನ ಕುಂಚದಿಂದ ಇಡುವುದನ್ನು ಅವಳು ಕಲಬುರಗಿಯಲ್ಲಿ ಐದು ವರ್ಷ ಕಲಿತಿದ್ದಳು. ಕಲಿಸಿದ ಯತಿರಾಜ್ ಮೇಷ್ಟ್ರು ಹೊಗಳುವುದರಲ್ಲಿ ಮಹಾ ಜಿಪುಣ. ಅವರೂ ಒಮ್ಮೆ ಅವಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದನ್ನ ಯಾರ ಕಡೆ ಬರೆಸಿಕೊಂಡು ಬಂದಿ?" ಎಂದು ಕೇಳಿದ್ದರು. ಆ ಅನುಮಾನವನ್ನೇ ಅವಳು ಒಂದು ಪದಕದ ಹಾಗೆ ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಮದುವೆಯಾದ ಮೇಲೆ ಕುಂಚ ಪೆಟ್ಟಿಗೆ ಸೇರಿತು. ಗಂಡ ರುದ್ರಪ್ಪ ಡಚ್ಚರ ನಾಡಿನ ಎನ್ಸ್‌ಕೆಡೆ ಊರಿನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಎಂಜಿನಿಯರ್. ಅಲ್ಲಿಯವರ ಬಾಯಲ್ಲಿ ಅವನು ರೂಡಿ. ಮನೆಯ ಹೊಸ್ತಿಲು ದಾಟಿದರೆ ಮತ್ತೆ ರುದ್ರಪ್ಪ. ಕೆಟ್ಟವನಲ್ಲ. ಆದರೆ ಮನೆಗೆ ಯಾರಾದರೂ ಬಂದರೆ, "ನಮ್ಮಾಕಿ ರಂಗೋಲಿ ಭಾಳ ಛಲೋ ಹಾಕ್ತಾಳ್ರಿ" ಎಂದು ಅವಳ ಐದು ವರ್ಷದ ವಿದ್ಯೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ. ಮಗಳು ಸ್ಮೃತಿ ಕನ್ನಡದಲ್ಲಿ ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದ ಮೇಲೆ ನೀಲಾಂಬಿಕಾಳಿಗೆ ಮನೆಯಲ್ಲಿ ಕೂತು ಮಾಡುವುದೇನೂ ಉಳಿಯಲಿಲ್ಲ. ಕೆಲಸ ಹುಡುಕಿದಳು.

ಸಿಕ್ಕಿದ್ದು ವಿಲ್ಮಾಳ ಅಂಗಡಿಯಲ್ಲಿ. ಊರಿನ ಹಳೆಯ ಬಟ್ಟೆಗಿರಣಿಯೊಂದರ ನೆಲಮಹಡಿಯಲ್ಲಿ ವಿಲ್ಮಾ ಎಂಬ ಡಚ್ ಹೆಂಗಸು ಚೀನಾದ ಹಳೆಯ ಸುರುಳಿ ಚಿತ್ರಗಳ ಪ್ರತಿಗಳನ್ನು ಮಾಡಿ ಮಾರುತ್ತಿದ್ದಳು. ಬೆಟ್ಟ, ಮೋಡ, ಬಿದಿರಿನ ಚಿತ್ರಗಳಲ್ಲ, ಊರುಗಳ ಚಿತ್ರಗಳು. ಉದ್ದಕ್ಕೆ ಬಿಚ್ಚುತ್ತಾ ಹೋದರೆ ನದಿ, ದೋಣಿ, ಕೋಟೆಬಾಗಿಲು, ಸಾರಾಯಿ ಅಂಗಡಿ, ಕತ್ತೆಗಳ ಸಾಲು, ಜಗಳವಾಡುವವರು, ಜಗಳ ನೋಡುತ್ತ ನಿಂತವರು. ಯಂತ್ರ ಇವನ್ನು ರೇಷ್ಮೆಯ ಮೇಲೆ ತೆಳುವಾಗಿ ಅಚ್ಚು ಹಾಕುತ್ತಿತ್ತು. ಮುಖ, ಬೆರಳು, ಬಟ್ಟೆಯ ಮಡಿಕೆಗಳನ್ನು ಕೈಯಿಂದ ತಿದ್ದಬೇಕು. ಹಾಗೆ ತಿದ್ದಿದ ಪ್ರತಿಗೆ ಬೆಲೆಯೇ ಬೇರೆ. ಮೊದಲ ದಿನ ವಿಲ್ಮಾ ಒಂದು ತುಂಡು ರೇಷ್ಮೆ ಕೊಟ್ಟು, ಜೋಳದ ಕಾಳಿನಷ್ಟಿದ್ದ ಒಂದು ತಲೆಯನ್ನು ತೋರಿಸಿದಳು. ಅಂಬಿಗನ ತಲೆ. ನೀಲಾಂಬಿಕಾ ಕುಂಚ ಎತ್ತಿ ಕೆಳಗಿಟ್ಟಾಗ ಅವನಿಗೆ ಎರಡು ದಿನದ ಗಡ್ಡವಿತ್ತು. ವಿಲ್ಮಾ ಭೂತಗನ್ನಡಿ ತಂದು ನೋಡಿ, "ಸೋಮವಾರದಿಂದ ಬಾ" ಅಂದಳು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ನಿಯಮವಿತ್ತು, ಅದನ್ನು ವಿಲ್ಮಾ ಮೊದಲ ವಾರವೇ ಮುಖಕ್ಕೆ ಮುಖ ಕೊಟ್ಟು ಹೇಳಿದ್ದಳು. "ಗಿರಾಕಿಗಳು ಬಂದಾಗ ನೀನು ಹಿಂದಿನ ಕೋಣೆಯಲ್ಲೇ ಇರು. ಬೇಜಾರು ಮಾಡಿಕೊಳ್ಳಬೇಡ. ಚೀನಾದ ಬೀದಿಯನ್ನು ಇಂಡಿಯಾದವಳು ಬರೆಯುತ್ತಾಳೆ ಅಂದರೆ ಅವರಿಗೆ ಗಲಿಬಿಲಿ. ಪಿಜ್ಜಾ ಅಂಗಡಿಯಲ್ಲಿ ಸುಶಿ ಕೊಟ್ಟ ಹಾಗೆ." ಹೇಳಿ ನಕ್ಕಳು. ನೀಲಾಂಬಿಕಾ ಸಹ ನಕ್ಕಳು. ಹಿಂದಿನ ಕೋಣೆಯಲ್ಲಿ ಉತ್ತರದ ಬೆಳಕು ಬರುತ್ತಿತ್ತು, ಕೆಲಸಕ್ಕೆ ಅದೇ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ದೊಡ್ಡ ಕೆಲಸ ಬಂತು. ಹೂಫ್‌ಡಾರ್ಪಿನ ಹೊಸ ಹೋಟೆಲೊಂದಕ್ಕೆ, ಅದರ ಊಟದ ಹಾಲಿನ ಒಂದಿಡೀ ಗೋಡೆಗೆ, ಒಂಬತ್ತು ಮೀಟರಿನ ಸುರುಳಿ. ನದಿಯ ಎರಡೂ ದಂಡೆಯ ಊರು. ನಟ್ಟನಡುವೆ ಕಮಾನಿನ ಮರದ ಸೇತುವೆ. ಎಲ್ಲ ಸೇರಿ ಆರುನೂರಕ್ಕೂ ಹೆಚ್ಚು ಜನ. ನೀಲಾಂಬಿಕಾ ಹನ್ನೊಂದು ತಿಂಗಳು ಅದರ ಮೇಲೆ ಬಗ್ಗಿದಳು. ಕುತ್ತಿಗೆ ಹಿಡಿದುಕೊಂಡಿತು, ಬಲಗಣ್ಣಿಗೆ ಕನ್ನಡಕ ಬಂತು. ಸೇತುವೆಯ ಮೇಲಿನ ಜನಜಂಗುಳಿಯೊಂದಕ್ಕೇ ಒಂದು ತಿಂಗಳು ಹಿಡಿಯಿತು. ಆ ತಿಂಗಳು ಅವಳು ಮನೆಯಲ್ಲಿ ಅಡುಗೆ ಮಾಡುತ್ತಲೂ ಸುಮ್ಮಸುಮ್ಮನೆ ನಗುತ್ತಿದ್ದಳು. "ಯಾಕ, ಏನಾಗ್ಯದ ನಿನಗ?" ಎಂದು ರುದ್ರಪ್ಪ ಕೇಳಿದರೆ, "ಇವತ್ತ ಒಬ್ಬ ಮುದುಕ ಕತ್ತಿಗೆ ಬೈಲಾಕತ್ತಾನ್ರೀ, ಅದು ಕೇಳವಲ್ದು" ಅನ್ನುತ್ತಿದ್ದಳು. ಯಾವ ಮುದುಕ, ಯಾವ ಕತ್ತೆ, ಅವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಕೆಲಸ ಮುಗಿಯುತ್ತ ಬಂದಾಗ ವಿಲ್ಮಾ ಒಂದು ಹುಡುಗಿಯನ್ನು ಕರೆದುಕೊಂಡು ಬಂದಳು. ಇಪ್ಪತ್ಮೂರು ವರ್ಷ, ಹೆಸರು ಸಾನ್ನೆ. ಮುಖ ಚೀನಾದ್ದು, ಮಾತು ಮಾತ್ರ ಅಪ್ಪಟ ಎನ್ಸ್‌ಕೆಡೆಯದು. ಹತ್ತು ತಿಂಗಳ ಕೂಸಾಗಿದ್ದಾಗ ಇಲ್ಲಿಯ ದಂಪತಿಗಳು ದತ್ತು ತಂದಿದ್ದರು. ಚೀನೀ ಭಾಷೆಯ ಒಂದಕ್ಷರವೂ ಬಾರದು.

ವಿಲ್ಮಾ ಅವಳನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು ವಿವರಿಸಿದಳು. "ಸುರುಳಿ ಹೋಟೆಲಿಗೆ ಹೋಗುವ ಮೊದಲು ಇಲ್ಲಿ ಒಂದು ಪ್ರದರ್ಶನ ಇಟ್ಟಿದ್ದೇನೆ. ಹೋಟೆಲಿನವರು, ಪತ್ರಿಕೆಯವರು, ಅರವತ್ತು ಜನ. ಕಲಾವಿದೆಯನ್ನು ನೋಡಬೇಕು ಅಂತಾರೆ. ಕೊನೆಯ ಒಂದು ಆಕೃತಿಯನ್ನು ಅವರ ಕಣ್ಣೆದುರಿಗೆ ಬರೆಯೋದು. ಸಾನ್ನೆ ಬರೆಯಲಿ. ಮೂರು ವಾರದಲ್ಲಿ ಅವಳಿಗೆ ಅಷ್ಟು ಕಲಿಸು."

"ನಾನೇ ಬರೆದರೆ?" ನೀಲಾಂಬಿಕಾ ಕೇಳಿದಳು. ಮೂರು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ.

"ಇದನ್ನು ಆಗಲೇ ಮಾತಾಡಿ ಮುಗಿಸಿದ್ದೇವಲ್ಲ?" ಎಂದಳು ವಿಲ್ಮಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನೀನು ಅವತ್ತು ಕಾಫಿ ನೋಡಿಕೋ. ನಿನ್ನ ಕೈ ಎಷ್ಟು ಅಚ್ಚುಕಟ್ಟು ಅಂತ ನನಗೆ ಗೊತ್ತು."

ಸಾನ್ನೆ ದಿನಾ ಮಧ್ಯಾಹ್ನ ಕಾಲೇಜು ಮುಗಿಸಿ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ತನ್ನನ್ನು ಯಾಕೆ ಕರೆದಿದ್ದಾರೆಂದು ಅವಳಿಗೆ ತಿಳಿದಿತ್ತು. ಅದಕ್ಕೆ ನಾಚಿಕೆಯೂ ಇತ್ತು. "ಇದು ಸರಿ ಅಲ್ಲ, ನೀಲಾ. ನಾನು ವಿಲ್ಮಾಗೆ ಹೇಳಿ ನೋಡಿದೆ" ಎಂದು ಎರಡನೆಯ ದಿನವೇ ಅಂದಳು. ನೀಲಾಂಬಿಕಾ ಕುಂಚವನ್ನು ಅವಳ ಬೆರಳುಗಳ ನಡುವೆ ನೆಟ್ಟಗೆ ಕೂರಿಸಿದಳು. ಬರೆಯಬೇಕಾದ್ದು ಕಂಕುಳಲ್ಲಿ ಮಗುವನ್ನಿಟ್ಟುಕೊಂಡ ಹೆಂಗಸು; ಏಳು ಗೆರೆಯಲ್ಲಿ ಮುಗಿಯುವ ಆಕೃತಿ. ಬೆನ್ನಿಗೆ ಒಂದು, ನಿಲುವಂಗಿಗೆ ಎರಡು, ಹೀಗೆ. ಸಾನ್ನೆ ಮನೆಯಲ್ಲೂ ಕಾಗದದ ಮೇಲೆ ನೂರು ಸಲ ತಿದ್ದಿಕೊಂಡು ಬರುತ್ತಿದ್ದಳು. ಎರಡನೆಯ ವಾರದ ಕೊನೆಗೆ ನೀಲಾಂಬಿಕಾಳಿಗೆ ಒಂದು ವಿಷಯ ಸ್ಪಷ್ಟವಾಯಿತು: ಹುಡುಗಿಗೆ ಕೈಯಿದೆ. ಗೆರೆ ಎಲ್ಲಿ ದಪ್ಪವಾಗಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದು ಹೇಳಿಕೊಡದೆಯೇ ಅವಳಿಗೆ ತಿಳಿಯುತ್ತಿತ್ತು. ನೀಲಾಂಬಿಕಾ ಆ ಮಾತನ್ನು ಹೊರಗೆ ಆಡಲಿಲ್ಲ.

ಒಂದು ದಿನ ಸಾನ್ನೆ ಕೇಳಿದಳು. "ಆ ಹೆಂಗಸು ಸೇತುವೆ ಮೇಲೆ ಇರಬಹುದಾ? ಕಟಕಟೆಯ ಹತ್ತಿರ ಸ್ವಲ್ಪ ಜಾಗ ಖಾಲಿ ಇದೆಯಲ್ಲ."

"ಯಾಕೆ ಸೇತುವೆ?"

ಹುಡುಗಿ ಕುಂಚವನ್ನು ನೀರಿನಲ್ಲಿ ಅದ್ದಿ, ಅದ್ದಿ, ಕೊನೆಗೆ ಹೇಳಿದಳು. ದತ್ತುವಿನ ಕಾಗದಗಳಲ್ಲಿ ಅವಳ ಹುಟ್ಟಿನ ಬಗ್ಗೆ ಇರುವುದು ಒಂದೇ ಸಾಲು. ಸೇತುವೆಯೊಂದರ ಬಳಿ ಸಿಕ್ಕಿದ ಹೆಣ್ಣುಮಗು. ಯಾವ ಸೇತುವೆ, ಯಾರು ಇಟ್ಟು ಹೋದರು, ಏನೂ ಇಲ್ಲ. "ನಮ್ಮಮ್ಮನಿಗೂ ಇದನ್ನು ನಾನು ಹೀಗೆ ಹೇಳಿಲ್ಲ. ಆ ಚಿತ್ರದಲ್ಲಿ ಒಬ್ಬಳು ಮಗುವನ್ನು ಎತ್ತಿಕೊಂಡು ಸೇತುವೆ ದಾಟಿಬಿಡಲಿ ಅಂತ ಆಸೆ. ಅಷ್ಟೇ."

ನೀಲಾಂಬಿಕಾ, ಹುಡುಗಿಯ ತಲೆ ಸವರೋಣ ಅನ್ನಿಸಿ ಕೈ ಎತ್ತಿದವಳು, ಕೈಯಲ್ಲಿ ಮಸಿ ಇದೆಯೆಂದು ಹಿಂದಕ್ಕೆ ತೆಗೆದುಕೊಂಡಳು. "ಇರಲಿ, ಸೇತುವೆ ಮೇಲೇ ಬರೆ" ಎಂದಳು.

ನಾಲ್ಕು ದಿನದ ಮೇಲೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಸಾನ್ನೆ ವಿಲ್ಮಾಳಿಗೂ ಹೇಳಿದ್ದಳೋ, ವಿಲ್ಮಾ ಬಾಗಿಲ ಬಳಿ ಕೇಳಿಸಿಕೊಂಡಿದ್ದಳೋ, ಅಂತೂ ಪತ್ರಿಕೆಯ ಮೇಲೆ ದೊಡ್ಡದಾಗಿ ಸಾನ್ನೆಯ ಫೋಟೋ. ಕೆಳಗೆ, 'ಸೇತುವೆಯ ಬಳಿ ಸಿಕ್ಕ ಮಗು ತನ್ನ ಸೇತುವೆಯನ್ನು ತಾನೇ ಬರೆಯುತ್ತಾಳೆ' ಎಂಬ ಸಾಲು. ಹನ್ನೊಂದು ತಿಂಗಳ ಅವಿರತ ಶ್ರಮ ಎಂದೂ ಇತ್ತು. ಯಾರ ಶ್ರಮ ಎಂಬುದಿರಲಿಲ್ಲ. ಓದಿದವರು ಫೋಟೋದಲ್ಲಿದ್ದವಳದೇ ಎಂದುಕೊಳ್ಳಬೇಕು. ಸಾನ್ನೆ ಅದನ್ನು ನೋಡಿ ಬಿಳಿಚಿಕೊಂಡಳು. ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಆ ಮೌನವನ್ನು ನೀಲಾಂಬಿಕಾ ಕ್ಷಮಿಸಲಿಲ್ಲ. ಪತ್ರಿಕೆ ಮಾಡಿಸಿದ ವಿಲ್ಮಾಳ ಮೇಲೆ ಬಾರದ ಸಿಟ್ಟು, ಸುಮ್ಮನೆ ನಿಂತ ಹುಡುಗಿಯ ಮೇಲೆ ಬಂತು. ವಿಲ್ಮಾ ಸಂಬಳ ಕೊಡುವವಳು. ಈ ಹುಡುಗಿಯ ಮೇಲಾದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ರೇಷ್ಮೆಯ ಮೇಲೆ ಕುಂಚದಿಂದ ಬರೆಯುವ ಮೊದಲು ಆ ಜಾಗಕ್ಕೆ ಅಂಟು ಮತ್ತು ಪಟಿಕ ಕಲಸಿದ ನೀರು ಹಚ್ಚಿ ಒಣಗಿಸಬೇಕು. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಪಟಿಕ. ಅದನ್ನು ಹಚ್ಚಿದರೆ ಗೆರೆ ಇಟ್ಟಲ್ಲೇ ನಿಲ್ಲುತ್ತದೆ. ಹಚ್ಚದಿದ್ದರೆ ರೇಷ್ಮೆ ಮಸಿಯನ್ನು ಕುಡಿಯುತ್ತದೆ; ಒಂದು ಚುಕ್ಕೆ ಇಟ್ಟರೆ ಅಂಗೈ ಅಗಲಕ್ಕೆ ಹರಡುತ್ತದೆ. ಒಣಗಿದ ಮೇಲೆ ಹಚ್ಚಿದ ಜಾಗಕ್ಕೂ ಹಚ್ಚದ ಜಾಗಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಈ ಕೆಲಸ ಯಾವತ್ತೂ ನೀಲಾಂಬಿಕಾಳದು. ಸಾನ್ನೆಗೆ ಅದು ಇದೆಯೆಂದೂ ಅವಳು ಹೇಳಿಕೊಟ್ಟಿರಲಿಲ್ಲ. ಅಭ್ಯಾಸದ ತುಂಡುಗಳನ್ನೆಲ್ಲ ತಾನೇ ಹದ ಮಾಡಿ ಕೊಡುತ್ತಿದ್ದಳು.

ಪ್ರದರ್ಶನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವಳು ಎಂದಿನಂತೆ ಅಂಟು ಕಾಸಿದಳು, ಪಟಿಕ ಕರಗಿಸಿದಳು, ಬಟ್ಟಲು ಹಿಡಿದು ಸೇತುವೆಯ ಬಳಿ ಬಂದಳು. ಕಟಕಟೆಯ ಪಕ್ಕದ ಆ ಖಾಲಿ ಜಾಗ, ಸುತ್ತ ಅವಳ ಜನ: ಬುಟ್ಟಿ ಹೊತ್ತವನು, ಹಲ್ಲಿಲ್ಲದ ಅಜ್ಜಿ, ಕತ್ತೆಗೆ ಬೈಯುತ್ತಿದ್ದ ಮುದುಕ. ಅವರನ್ನು ಬರೆಯುವಾಗ ಹಾಕಿದ್ದ ಪದರವೂ ತೆಳ್ಳಗಿನದು. ಮಸಿ ಒಮ್ಮೆ ನಡುವಿನಿಂದ ಎದ್ದು ಬಂದರೆ ಅದು ತಡೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅಲ್ಲೇ ನಿಂತಳು. ಎಷ್ಟು ಹೊತ್ತೆಂದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಹೊರಗೆ ವಿಲ್ಮಾ ಕುರ್ಚಿಗಳನ್ನು ಎಳೆಯುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ನೀಲಾಂಬಿಕಾ ಬಟ್ಟಲನ್ನು ತೊಳೆಯುವ ಕಟ್ಟೆಗೆ ಒಯ್ದು ನೀರನ್ನೆಲ್ಲ ಚೆಲ್ಲಿದಳು; ಬಟ್ಟಲು ತೊಳೆದು ಒರೆಸಿ ಬೋರಲು ಹಾಕಿದಳು.

ಭಾನುವಾರ ಬಿಸಿಲಿತ್ತು. ಜನ ತುಂಬಿದರು. ವಿಲ್ಮಾ ಸಾನ್ನೆಗೆ ಕೊರಳ ತನಕ ಗುಂಡಿಯಿರುವ ಕೆಂಪು ರೇಷ್ಮೆಯ ಅಂಗಿ ತೊಡಿಸಿದ್ದಳು. ನೀಲಾಂಬಿಕಾ ಹಿಂದುಗಡೆ ಕಾಫಿ ಮೇಜಿನ ಬಳಿ ಲೋಟಗಳನ್ನು ಜೋಡಿಸುತ್ತ ನಿಂತಳು. ಸಾನ್ನೆಯ ತಂದೆತಾಯಿ ಮೊದಲ ಸಾಲಿನಲ್ಲಿದ್ದರು. ಹುಡುಗಿ ಕುಂಚ ಎತ್ತುವ ಮೊದಲು ತಲೆ ಎತ್ತಿ ಹುಡುಕಿದ್ದು ಅವರನ್ನಲ್ಲ, ಹಿಂದಿದ್ದ ನೀಲಾಂಬಿಕಾಳನ್ನು. ಕಣ್ಣಿಗೆ ಕಣ್ಣು ಸಿಕ್ಕಿತು. ನೀಲಾಂಬಿಕಾ, ಹೂಂ, ಶುರು ಮಾಡು ಎಂಬಂತೆ ತಲೆಯಾಡಿಸಿದಳು.

ಮೊದಲ ಗೆರೆ ಬೆನ್ನಿನದು. ಸುಂದರವಾದ ಗೆರೆ. ಎರಡು ಕ್ಷಣ ಅದು ಇದ್ದಲ್ಲೇ ಇತ್ತು. ಸಾನ್ನೆ ಎರಡನೆಯದನ್ನು ಇಟ್ಟಳು, ಮೂರನೆಯದನ್ನೂ ಇಟ್ಟಳು. ಅಷ್ಟರಲ್ಲಿ ಮೊದಲನೆಯದು ನಡೆಯತೊಡಗಿತ್ತು. ಅಂಚಿನಿಂದ ಕೂದಲಿನಂಥ ಕಾಲುಗಳು ಹೊರಟವು. ಕಾಲುಗಳು ಕೂಡಿಕೊಂಡು ಕಲೆಯಾದವು. ಕಲೆ ಬುಟ್ಟಿಯವನನ್ನು ಮುಟ್ಟಿತು. ಹುಡುಗಿ ಗಾಬರಿಬಿದ್ದು ಅಂಗಿಯ ತೋಳಿನಿಂದ ಒತ್ತಿದಳು. ಒತ್ತಿದ್ದಕ್ಕೆ ಮಸಿ ಇನ್ನೂ ಜೋರಾಗಿ ಹರಿಯಿತು. ಮೇಜಿನ ಮೇಲೆ ಕ್ಯಾಮೆರಾ ಇಟ್ಟು ಗೋಡೆಯ ದೊಡ್ಡ ಪರದೆಯಲ್ಲಿ ತೋರಿಸುತ್ತಿದ್ದರಿಂದ ಅರವತ್ತು ಜನರೂ ನೋಡಿದರು: ಅಜ್ಜಿ ಹೋದಳು, ಕತ್ತೆ ಹೋಯಿತು, ಸೇತುವೆಯ ಅರ್ಧ ಭಾಗ ಕಪ್ಪಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಲ್ಲಿಸು! ಕೈ ತೆಗಿ!" ವಿಲ್ಮಾ ಓಡಿಬಂದು ಅವಳ ಮಣಿಕಟ್ಟು ಹಿಡಿದೆಳೆದಳು. ಕೊರಳಿನ ಮೈಕು ಇನ್ನೂ ಚಾಲೂ ಇತ್ತು. "ನಿನಗೆ ಒಂದೇ ಒಂದು ಕೆಲಸ ಕೊಟ್ಟಿದ್ದೆ. ಒಂದೇ ಒಂದು. ಅದನ್ನೂ ಮಾಡಲಾಗಲಿಲ್ಲವಾ?"

ಹೋಟೆಲಿನ ಮ್ಯಾನೇಜರ್ ಎದ್ದುನಿಂತ. "ಇವರೇ ಕಲಾವಿದೆ ಎಂದಲ್ಲವೇ ನೀವು ನಮಗೆ ಹೇಳಿದ್ದು?"

"ಹಾಗಂತ ಇವಳೇ ನನ್ನನ್ನು ನಂಬಿಸಿದಳು" ಎಂದಳು ವಿಲ್ಮಾ. ಒಂದು ಕ್ಷಣವೂ ಯೋಚಿಸಲಿಲ್ಲ.

ಸಾನ್ನೆ ಅಲ್ಲ ಅನ್ನಲಿಲ್ಲ. ಮಸಿಯ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು. ಪತ್ರಿಕೆಯವನು ಫೋಟೋ ತೆಗೆಯುತ್ತಲೇ ಇದ್ದ. ನೀಲಾಂಬಿಕಾಳ ಎದೆಯೊಳಗೆ ಮೊದಲು ಬಂದದ್ದು ಒಂದು ಬಿಸಿಯಾದ ಸಿಹಿ, ಬಾಯಲ್ಲಿ ಬೆಲ್ಲದ ಅಚ್ಚು ಕರಗಿದ ಹಾಗೆ. ತನ್ನ ಒಂದು ತಿಂಗಳ ಜನ ಪರದೆಯ ಮೇಲೆ ಮುಳುಗುತ್ತಿದ್ದುದನ್ನು ಅವಳು ನೋಡಲೇ ಇಲ್ಲ. ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಪಕ್ಕದಲ್ಲಿದ್ದವರು ಕಾಫಿ ಕೇಳಿದರು. ಒಂದು ತೊಟ್ಟೂ ಚೆಲ್ಲದೆ ಬಗ್ಗಿಸಿ ಕೊಟ್ಟಳು.

ಮರುದಿನ ಸಾನ್ನೆ ಹಿಂದಿನ ಬಾಗಿಲಿಂದ ಬಂದಳು. ಕೈಯಲ್ಲಿ ಒಂದು ಪುಟ್ಟ ಹೂವಿನ ಕುಂಡ. ರಾತ್ರಿಯೆಲ್ಲ ಅತ್ತ ಕಣ್ಣು.

"ನಿನ್ನ ಹನ್ನೊಂದು ತಿಂಗಳನ್ನು ನಾನು ಹಾಳು ಮಾಡಿದೆ" ಎಂದಳು. "ವಿಲ್ಮಾ ಏನೇ ಹೇಳಲಿ, ನನಗೆ ಅದೇನೂ ಅಲ್ಲ. ನಿನ್ನ ಜನ ಅವರು. ಕ್ಷಮಿಸು ಅಂತ ಕೇಳೋಕೆ ಬಂದೆ. ಎಲ್ಲಿ ತಪ್ಪಾಯಿತು, ನೀಲಾ? ಮಸಿ ಜಾಸ್ತಿ ತೆಗೊಂಡೆನಾ?"

ಹೇಳಲು ಅದು ಸಮಯವಾಗಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಾಂಬಿಕಾ ಹುಡುಗಿಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಮಸಿ ಇತ್ತು.

"ನಿನ್ನ ತಪ್ಪಲ್ಲ" ಎಂದಳು, ಮೆಲ್ಲಗೆ, ತಾಯಿಯ ಹಾಗೆ. "ಎಲ್ಲರಿಗೂ ಕೈ ಇರೋದಿಲ್ಲ. ನಿನಗಿಲ್ಲ. ನನಗೆ ಮೊದಲನೇ ದಿನವೇ ಗೊತ್ತಾಗಿತ್ತು, ಹೇಳೋಕೆ ಮನಸ್ಸು ಬರಲಿಲ್ಲ. ಇನ್ನು ಇದಕ್ಕೆ ಕೈ ಹಾಕಬೇಡ. ಸುಮ್ಮನೆ ನೋವು ತಿನ್ನುತ್ತೀಯ."

ಸಾನ್ನೆ ತಲೆಯಾಡಿಸಿದಳು. "ಥ್ಯಾಂಕ್ ಯು, ನಿಜ ಹೇಳಿದ್ದಕ್ಕೆ" ಎಂದು ಕುಂಡವನ್ನು ಕಿಟಕಿಯಲ್ಲಿಟ್ಟು ಹೋದಳು. ಯಾಕೆ ಹಾಗೆ ಹೇಳಿದೆ ಎಂದು ನೀಲಾಂಬಿಕಾ ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಶನಿವಾರದ್ದಕ್ಕೆ ಸಿಟ್ಟು ಎಂಬ ಕಾರಣವಾದರೂ ಇತ್ತು. ಸೋಮವಾರ ಸಿಟ್ಟು ಇಳಿದುಹೋಗಿತ್ತು.

ಹೋಟೆಲಿನವರು ಗಲಾಟೆ ಮಾಡಿ ಕೊನೆಗೆ ಒಪ್ಪಿದ್ದು ಇಷ್ಟಕ್ಕೆ: ಸೇತುವೆಯ ಭಾಗ ತೆಗೆದು, ಆಚೆ ದಂಡೆಯನ್ನೂ ಈಚೆ ದಂಡೆಯನ್ನೂ ಎರಡು ಬೇರೆ ಸುರುಳಿ ಮಾಡಿ ಕೊಡಬೇಕು. "ನೀನೇ ಕತ್ತರಿಸು, ನಿನ್ನ ಕೈ ಗಟ್ಟಿ" ಎಂದು ವಿಲ್ಮಾ ಬ್ಲೇಡು ಕೊಟ್ಟಳು. ಸ್ಟೀಲ್ ಪಟ್ಟಿ ಒತ್ತಿಹಿಡಿದು ನೀಲಾಂಬಿಕಾ ಎರಡು ಸಲ ಎಳೆದಳು. ಮೀಟರಿಗಿಂತ ಉದ್ದದ ಸೇತುವೆ ಬಿಡಿಯಾಗಿ ಬಂತು. ಅಂಚಿನಲ್ಲಿ ಮಸಿ ತಲುಪದ ಏಳೆಂಟು ಜನ ಉಳಿದಿದ್ದರು. ವಿಲ್ಮಾ ಅದನ್ನು ಮುದುರಿ ಕಸದ ಡಬ್ಬಿಗೆ ತುರುಕಿದಳು. ಹೋಟೆಲಿನವರಿಗೆ ಎರಡು ತುಂಡುಗಳೇ ಇನ್ನೂ ಚೆನ್ನಾಗಿ ಕಂಡವಂತೆ. ನಡುವೆ ಟಿವಿ ಹಾಕಲು ಜಾಗವಾಯಿತಂತೆ.

ಒಂದು ವಾರ ಅವಳು ಒಳಗೊಳಗೇ ಬೆಂದಳು. ತಡೆಯಲಾಗದೆ ಊಟಕ್ಕೆ ಕೂತಾಗ ರುದ್ರಪ್ಪನಿಗೆ ಹೇಳಿದಳು, ಪಟಿಕದ ನೀರಿನಿಂದ ಹಿಡಿದು ಎಲ್ಲವನ್ನೂ. ಅವನು ಬೈಯಬಹುದು, ಹೋಗಿ ಹುಡುಗಿಗೆ ಹೇಳು ಅನ್ನಬಹುದು ಎಂದು ಕಾದಳು. ರುದ್ರಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದ. ಆಮೇಲೆ ತೊಡೆ ತಟ್ಟಿ ನಕ್ಕ.

"ಅಬ್ಬಬ್ಬಾ! ನೀ ಸಾದಾ ಹೆಣಮಗಳಲ್ಲ ಬಿಡು! ಛಲೋ ಮಾಡ್ದಿ. ನಮ್ಮವರಂದ್ರ ಏನ್ ತಿಳದಾರ ಇವರು?"

"ಯಾರ ಮುಂದೂ ಹೇಳಬ್ಯಾಡ್ರೀ."

"ಯಾಕ ಹೇಳಬಾರ್ದು? ಹಿಂತಾದ್ದ ಹೇಳದಿದ್ರ ಮತ್ತ್ಯಾತರದು ಹೇಳಬೇಕು?"

ಗಣೇಶನ ಹಬ್ಬಕ್ಕೆ ಸೇರಿದ ಕನ್ನಡದವರ ನಡುವೆ ಅವನು ಅದನ್ನು ಅಭಿನಯ ಸಮೇತ ಹೇಳಿದ. ಹುಡುಗಿ ತೋಳಿನಿಂದ ಮಸಿ ಒತ್ತಿದ್ದನ್ನು ತಾನು ಕಂಡಿರದಿದ್ದರೂ ಮಾಡಿ ತೋರಿಸಿದ. ಬೆಂಗಳೂರಿನ ಮೈಥಿಲಿ ಕಣ್ಣೀರು ಬರುವ ಹಾಗೆ ನಕ್ಕು, "ಅಯ್ಯೋ ಸೂಪರ್ ನೀಲಾ, ಸರಿಯಾಗಿ ಕೊಟ್ಟಿದ್ದೀರಾ ಬಿಡಿ! ನೋಡೋಕೆ ಎಷ್ಟು ಸೈಲೆಂಟು!" ಎಂದಳು. ತನ್ನನ್ನು ಇಷ್ಟು ಜನ ಒಟ್ಟಿಗೆ ಮೆಚ್ಚಿ ನೋಡಿದ್ದು ನೀಲಾಂಬಿಕಾಳ ಬದುಕಿನಲ್ಲಿ ಅದೇ ಮೊದಲು. ಅವಳು ನಕ್ಕಳು. ಎರಡನೆಯ ಸಲ ಯಾರೋ ಕೇಳಿದಾಗ, ಬಟ್ಟಲು ತೊಳೆದು ಬೋರಲು ಹಾಕಿದ ಭಾಗವನ್ನು ತಾನೇ ಸೇರಿಸಿ ಹೇಳಿದಳು.

ಸೇತುವೆಯ ಹುಡುಗಿಯ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ವಿಲ್ಮಾಳಿಗೆ ಅಂಥ ನಾಟಕ ಇನ್ನೊಮ್ಮೆ ಆಡುವ ಧೈರ್ಯವಾಗಲಿಲ್ಲ. ನಿಜವಾಗಿ ಬರೆಯುವವರು ಯಾರು ಎಂದು ಗಿರಾಕಿಗಳು ಕೇಳತೊಡಗಿದರು. ಹೀಗಾಗಿ ನೀಲಾಂಬಿಕಾಳ ಮೇಜು ಮುಂದಿನ ಗಾಜಿನ ಕಿಟಕಿಗೆ ಬಂತು. ಹೆಸರಿನ ಫಲಕವೂ ಬಂತು. ದಾರಿಹೋಕರು ನಿಂತು ನೋಡುತ್ತಿದ್ದರು. ಬಯಸಿದ್ದೆಲ್ಲ ಸಿಕ್ಕಿತು.

ಮುಂದಿನ ವಸಂತದಲ್ಲಿ ಒಬ್ಬ ಎತ್ತರದ ಹೆಂಗಸು ಅಂಗಡಿಗೆ ಬಂದು ಅವಳ ಮೇಜಿನ ಮುಂದೆ ನಿಂತಳು. ಸಾನ್ನೆಯ ತಾಯಿ.

"ನೀವೇ ನೀಲಾ ಅಲ್ಲವೇ? ಬಹಳ ದಿನದಿಂದ ಬರಬೇಕು ಅಂದುಕೊಂಡಿದ್ದೆ" ಎಂದಳು. ಸಾನ್ನೆ ಊರು ಬಿಟ್ಟು ವೆಲ್ಡ್‌ಹೋವನ್ನಿಗೆ ಹೋಗಿದ್ದಾಳೆ, ಅಲ್ಲಿ ಆಫೀಸು ಕೆಲಸ. ಈ ಬೇಸಿಗೆಗೆ ಚೀನಾಕ್ಕೆ ಹೋಗಿ ತನ್ನ ಸೇತುವೆಯನ್ನು ಹುಡುಕುತ್ತೇನೆ ಅನ್ನುತ್ತಿದ್ದವಳು ಈಗ ಆ ಮಾತೇ ಎತ್ತುವುದಿಲ್ಲ. ದತ್ತುವಿನ ಕಾಗದಗಳನ್ನೂ ತಾಯಿಯ ಕೈಗೇ ಕೊಟ್ಟು, ನೀನೇ ಇಟ್ಟುಕೋ ಅಂದಿದ್ದಾಳೆ. "ಆದರೆ ನಿಮ್ಮ ಬಗ್ಗೆ ಹೇಳುತ್ತಿರುತ್ತಾಳೆ. ಅಷ್ಟು ಜನರಲ್ಲಿ ತನಗೆ ಕರುಣೆ ತೋರಿಸಿದವರು ನೀವೊಬ್ಬರೇ ಅಂತ. ಅದಕ್ಕೆ, ತಾಯಿಯಾಗಿ, ನಿಮಗೆ ಧನ್ಯವಾದ ಹೇಳಬೇಕಿತ್ತು."

ಧನ್ಯವಾದ ಅಂದವರಿಗೆ ಡಚ್ಚರು ತಿರುಗಿ ಹೇಳುವ ಮಾತು ಒಂದಿದೆ, ಖ್ರಾಖ್ ಖೆದಾನ್. ಖುಷಿಯಿಂದಲೇ ಮಾಡಿದೆ ಎಂದು ಅದರ ಅರ್ಥ. ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಆಡಿ ಆಡಿ ನೀಲಾಂಬಿಕಾಳ ನಾಲಿಗೆಗೆ ಅದು ರೂಢಿಯಾಗಿಹೋಗಿತ್ತು.

"ಖ್ರಾಖ್ ಖೆದಾನ್" ಎಂದಳು.

ಆ ತಾಯಿ ಅವಳ ಭುಜವನ್ನು ಮೃದುವಾಗಿ ಒತ್ತಿ, ಕಣ್ಣೊರೆಸಿಕೊಂಡು ಹೊರಟುಹೋದಳು. ಕಿಟಕಿಯ ಆಚೆ ನಾಲ್ಕು ಜನ ನಿಂತು ನೋಡುತ್ತಿದ್ದರು. ನೀಲಾಂಬಿಕಾ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಕೈ ಸ್ವಲ್ಪವೂ ನಡುಗಲಿಲ್ಲ.